ತೆಗೆದ ತುಣುಕು ಸಾಕೆ, ಸಾಲದೆ?

ಅನ್ನ ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಹಿಸುಕಬೇಕಾಗಿಲ್ಲ. ಒಂದು ಅಗುಳನ್ನು ಹಿಸುಕಿದರೆ ಸಾಕೆಂಬುದು ನಮ್ಮ ಹಿರಿಯರ ಮಾತು. ಮಾತು ನಿಜವೇ. ಆದರೆ ಅಡಿಗೆಯ ಅನುಭವವುಳ್ಳ ಗೃಹಿಣಿಯು ಕೈಗೆ ಸಿಕ್ಕಿದ ಯಾವುದೋ ಒಂದು ಅಗುಳನ್ನು ಹಿಸುಕಿ ತೃಪ್ತಳಾಗುವುದಿಲ್ಲ. ಅಂಚಿಗೆ ಅಂಟಿ ಒಣಗಿದ ಅಗುಳು ಗಟ್ಟಿಯಾಗಿದ್ದೀತು. ತಳ ಹಿಡಿದ ಅಗುಳು ಸೀದುಹೋಗಿದ್ದೀತು. ಸೌಟನ್ನು ನಡುವಿಗೆ ಇಳಿಸಿ, ಅಲ್ಲಿಂದ ನಾಲ್ಕು ಅಗುಳನ್ನು ತೆಗೆದು ನೋಡಿದ ಮೇಲೆಯೇ ಅವಳು ಒಲೆಯನ್ನು ಆರಿಸುವಳು. ಸ್ವಲ್ಪದಿಂದ ಸರ್ವವನ್ನೂ ಅಳೆಯಬೇಕಾದ ಕಡೆಯಲ್ಲಿ, ಆ ಸ್ವಲ್ಪವು ಎಲ್ಲಿಂದ ಬಂದಿತು, ಎಷ್ಟು ಬಂದಿತು ಎಂಬ ವಿಚಾರವೇ ಮುಖ್ಯವಾದುದು.

ವೈದ್ಯಶಾಸ್ತ್ರದಲ್ಲಿಯೂ ಇಂತಹ ಅಗುಳುಪರೀಕ್ಷೆಯೊಂದುಂಟು. ದೇಹದ ಯಾವುದಾದರೊಂದು ಅಂಗದಲ್ಲಿ ಗಂಟು ಕಾಣಿಸಿಕೊಂಡಾಗ, ಅದರಿಂದ ಚಿಕ್ಕದೊಂದು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸುವುದಕ್ಕೆ ಬಯಾಪ್ಸಿ ಎಂದು ಹೆಸರು. ಚರ್ಮದ ಮೇಲಣ ಗಂಟಾದರೆ ಈ ಕೆಲಸ ಸುಲಭ. ಹೊಟ್ಟೆಯ ಆಳದಲ್ಲಿ, ಬೆನ್ನೆಲುಬಿನ ಮುಂದೆ ಅಡಗಿರುವ ಮೇದೋಜೀರಕಾಂಗದ ಗಂಟಾದರೆ ಬಹು ಕಷ್ಟ. ಆ ಅಂಗದಿಂದ ದಾರದ ಎಳೆಯಂತಹ ತುಣುಕನ್ನು ಹೇಗೆ ತೆಗೆಯುವರು, ತೆಗೆದುದು ನಂಬಲು ಯೋಗ್ಯವೋ ಅಲ್ಲವೋ ಎಂಬುದನ್ನು ರೋಗಿಯು ಇನ್ನೂ ಮೇಜಿನ ಮೇಲೆ ಮಲಗಿರುವಾಗಲೇ ಹೇಗೆ ನಿರ್ಣಯಿಸುವರು, ಅದರಿಂದ ರೋಗಿಗೂ ಮನೆಯವರಿಗೂ ಏನು ಫಲ ಎಂಬುದನ್ನು ಈ ಲೇಖನದಲ್ಲಿ ನಮ್ಮ ವಾಚಕರಿಗೆ ತಿಳಿಸಲು ಯತ್ನಿಸುವೆವು.

ಅಂಗದ ಸ್ವರೂಪ

ಮೇದೋಜೀರಕಾಂಗವು ಸುಮಾರು 15 ಸೆಂಟಿಮೀಟರು ಉದ್ದವುಳ್ಳ, ಮೃದುವಾದ, ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿ. ಅದರ ತಲೆಯು ಬಲಗಡೆಯಲ್ಲಿ ಸಣ್ಣ ಕರುಳಿನ ಮೊದಲನೆಯ ಬಳಸಿನೊಳಗೆ ಕುಳಿತಿರುವುದು. ನಡುಭಾಗವು ಜಠರದ ಹಿಂಬದಿಯಲ್ಲಿ ಹಾದುಹೋಗುವುದು. ಬಾಲವು ಎಡಗಡೆಯಲ್ಲಿ ಗುಲ್ಮವನ್ನು ಮುಟ್ಟುವುದು. ನಾವು ಉಂಡ ಅನ್ನ, ಬೇಳೆ, ತುಪ್ಪಗಳನ್ನು ಅರಗಿಸುವ ರಸವು ಇಲ್ಲಿ ಹುಟ್ಟುವುದು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ದ್ರವ್ಯವೂ ಇಲ್ಲಿಯೇ ಹುಟ್ಟುವುದು.

ಇಷ್ಟು ಉಪಕಾರಿಯಾದ ಈ ಅಂಗಕ್ಕೆ ಒಂದು ದುರ್ಗುಣವಿದೆ. ತನ್ನ ಕಷ್ಟವನ್ನು ಅದು ಬೇಗನೆ ಹೇಳಿಕೊಳ್ಳುವುದಿಲ್ಲ. ತಲೆಯ ಭಾಗದಲ್ಲಿ ಗಂಟು ಬೆಳೆದು ಪಿತ್ತನಾಳವನ್ನು ಒತ್ತಿದರೆ ಕಣ್ಣು ಹಳದಿಯಾಗಿ ಕಾಮಾಲೆ ತೋರುವುದು. ನಡುವಿನಲ್ಲಿಯೋ ಬಾಲದಲ್ಲಿಯೋ ಬೆಳೆದರೆ ಮಂದವಾದ ಬೆನ್ನುನೋವು, ಅರುಚಿ, ಕಾರಣವಿಲ್ಲದೆ ಮೈ ಇಳಿಯುವುದು, ಇಲ್ಲವೆ ನಡುವಯಸ್ಸು ಮೀರಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ತಲೆದೋರುವುದು, ಇಂತಹ ಅಸ್ಪಷ್ಟ ಚಿಹ್ನೆಗಳು ಮಾತ್ರ ಕಾಣುವುವು. ಸಿ.ಟಿ. ಯಂತ್ರದಿಂದ ಚಿತ್ರ ತೆಗೆದಾಗ ಗಂಟಿನ ನೆರಳು ತೋರುವುದು. ಆದರೆ ನೆರಳಿನ ರೂಪದಿಂದಲೇ ಒಳಗಿರುವವನು ಕಳ್ಳನೋ ನೆಂಟನೋ ಎಂದು ಎಲ್ಲ ಸಂದರ್ಭಗಳಲ್ಲಿಯೂ ಹೇಳಲಾದೀತೆ?

ಒಂದೇ ಬಗೆಯ ನೆರಳಿನ ಹಿಂದೆ ಹಲವು ರೋಗಗಳು ಅಡಗಿರಬಹುದು. ಅದು ಕ್ಯಾನ್ಸರ್ ಎಂಬ ಭಯಂಕರವಾದ ಅರ್ಬುದವಾಗಿರಬಹುದು. ಹಾರ್ಮೋನುಗಳನ್ನು ಸ್ರವಿಸುವ ಜೀವಕೋಶಗಳಿಂದ ಹುಟ್ಟಿ ನಿಧಾನವಾಗಿ ಬೆಳೆಯುವ ಬೇರೆ ಜಾತಿಯ ಗಂಟಾಗಿರಬಹುದು. ದೇಹದ ರಕ್ಷಣಾಶಕ್ತಿಯೇ ತನ್ನ ಅಂಗದ ಮೇಲೆ ತಿರುಗಿ ಬಿದ್ದು ಉಂಟಾದ ಉರಿಯೂತವಾಗಿರಬಹುದು. ಇದು ಸ್ಟೆರಾಯಿಡ್ ಔಷಧದಿಂದ ಇಳಿಯುವುದು. ಈ ರೋಗದಲ್ಲಿ ರಕ್ತದ ಒಂದು ಪ್ರತಿಕಾಯವು ಏರಿರುವುದೆಂದು ಜಪಾನಿನ ವೈದ್ಯರು 2001ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಕ್ಷಯರೋಗವೂ ವಿರಳವಾಗಿ ಮೇದೋಜೀರಕದಲ್ಲಿ ಗಂಟುಕಟ್ಟಿ ಅರ್ಬುದದ ವೇಷವನ್ನು ಧರಿಸುವುದುಂಟು. ಇನ್ನು ಕೇರಳದಲ್ಲಿಯೂ ದಕ್ಷಿಣ ಭಾರತದ ಇತರ ಕೆಲವು ಕಡೆಗಳಲ್ಲಿಯೂ, ಎಳೆಯ ವಯಸ್ಸಿನಲ್ಲಿಯೇ ಮೊದಲಾಗಿ ಅಂಗದೊಳಗೆ ಕಲ್ಲುಗಳನ್ನು ಬೆಳೆಸುವ ದೀರ್ಘಕಾಲದ ಉರಿಯೂತವೊಂದು ಬಹುಕಾಲದಿಂದ ಪ್ರಸಿದ್ಧವಾಗಿದೆ. ಅಂತಹವರ ಅಂಗದಲ್ಲಿ ಗಂಟು ಕಂಡರೆ ಅದು ಹಳೆಯ ಉರಿಯೂತದ ಗಂಟೋ, ಅದರ ಮೇಲೆ ಹುಟ್ಟಿದ ಅರ್ಬುದವೋ ಎಂದು ಬೇರ್ಪಡಿಸುವುದು ನುರಿತವರಿಗೂ ಕಷ್ಟ.

ಈ ರೋಗಗಳ ಚಿಕಿತ್ಸೆಗಳು ಒಂದಕ್ಕೊಂದು ತೀರ ಬೇರೆ. ಒಂದಕ್ಕೆ ದೊಡ್ಡ ಶಸ್ತ್ರಕ್ರಿಯೆ, ಒಂದಕ್ಕೆ ಉಗ್ರವಾದ ಔಷಧೋಪಚಾರ, ಒಂದಕ್ಕೆ ಕೆಲವು ವಾರಗಳ ಗುಳಿಗೆ, ಮತ್ತೊಂದಕ್ಕೆ ಕ್ಷಯದ ಔಷಧ. ಆದುದರಿಂದ ಆ ದಾರದೆಳೆಯಂತಹ ತುಣುಕಿನ ಮೇಲೆ ಒಂದು ಕುಟುಂಬದ ಭವಿಷ್ಯವೇ ನಿಂತಿರುವುದೆಂದರೆ ಅತಿಶಯೋಕ್ತಿಯಾಗದು. ಶಸ್ತ್ರಕ್ರಿಯೆಯಿಂದ ತೆಗೆದುಹಾಕಲು ಸಾಧ್ಯವಾದ, ಚಿತ್ರದಲ್ಲಿ ಸಂಶಯಕ್ಕೆಡೆಯಿಲ್ಲದ ಗಂಟಾದರೆ ವೈದ್ಯರು ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಶಸ್ತ್ರಕ್ರಿಯೆಗೆ ಹೋಗುವುದೂ ಉಂಟು. ಆದರೆ ಶಸ್ತ್ರಕ್ರಿಯೆಗೆ ಮೊದಲು ಔಷಧ ಕೊಡಬೇಕಾದಾಗ, ಶಸ್ತ್ರಕ್ರಿಯೆ ಸಾಧ್ಯವಿಲ್ಲದಾಗ, ನಿದಾನದಲ್ಲಿ ಸಂಶಯವಿದ್ದಾಗ, ತುಣುಕಿನ ಸಾಕ್ಷ್ಯವಿಲ್ಲದೆ ಮುಂದಕ್ಕೆ ಹೆಜ್ಜೆಯಿಡಲಾಗದು.

ಸೂಜಿಯ ದಾರಿ

ಗಂಟಿಗೆ ಸೂಜಿಯನ್ನು ಚುಚ್ಚಿ, ಪಿಚಕಾರಿಯಿಂದ ಹೀರಿ ಜೀವಕೋಶಗಳನ್ನು ತೆಗೆಯುವ ಪದ್ಧತಿಯನ್ನು ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್, ಎಡ್ವರ್ಡ್ ಎಲ್ಲಿಸ್ ಎಂಬವರು 1930ರಲ್ಲಿ ಪ್ರಕಟಿಸಿದರು. ಆದರೆ ಮೇದೋಜೀರಕವನ್ನು ಸಮೀಪದಿಂದ ನೋಡುತ್ತ ಚುಚ್ಚುವ ಉಪಾಯವು ಬಹುಕಾಲ ದೊರೆಯಲಿಲ್ಲ. ಬಾಯಿಯ ಮೂಲಕ ಜಠರಕ್ಕೆ ಇಳಿಸುವ ಎಂಡೋಸ್ಕೋಪ್ ಎಂಬ ಬಳುಕುವ ನಳಿಕೆಯ ತುದಿಗೆ ಅಲ್ಟ್ರಾಸೌಂಡ್ ಯಂತ್ರವನ್ನು ಜೋಡಿಸಿದ ಮೊದಲ ಪ್ರಯತ್ನಗಳು 1980ರಲ್ಲಿ ಪ್ರಕಟವಾದುವು. ಡೆನ್ಮಾರ್ಕಿನ ಪೀಟರ್ ವಿಲ್ಮನ್ ಮತ್ತು ಅವರ ಸಂಗಡಿಗರು ಅಂತಹ ನಳಿಕೆಯೊಳಗಿಂದ ಸೂಜಿಯನ್ನು ಹಾಯಿಸಿ ಮೇದೋಜೀರಕದಿಂದ ಜೀವಕೋಶಗಳನ್ನು ತೆಗೆದ ಸಂಗತಿಯನ್ನು 1992ರಲ್ಲಿ ವರದಿ ಮಾಡಿದರು. ಇಂದಿನ ಪದ್ಧತಿಗೆ ಅದೇ ಅಡಿಗಲ್ಲು.

ಇದರ ಕ್ರಮ ಹೀಗೆ: ಉಪವಾಸವಿದ್ದ ರೋಗಿಗೆ ಮಂಪರು ಬರುವ ಔಷಧವನ್ನು ಕೊಟ್ಟು, ಎಡಮಗ್ಗುಲಾಗಿ ಮಲಗಿಸಿ, ನಳಿಕೆಯನ್ನು ಜಠರಕ್ಕೋ ಅದರ ಮುಂದಣ ಕರುಳಿಗೋ ಇಳಿಸುವರು. ನಳಿಕೆಯ ತುದಿಯಿಂದ ಮನುಷ್ಯನ ಕಿವಿಗೆ ಕೇಳಿಸದ, ಸೆಕೆಂಡಿಗೆ ಸುಮಾರು 50 ಲಕ್ಷದಿಂದ 1 ಕೋಟಿ ಕಂಪನಗಳುಳ್ಳ ಶಬ್ದದ ಅಲೆಗಳು ಹೊರಟು, ಅಂಗಕ್ಕೆ ತಾಗಿ ಹಿಂದಿರುಗಿ ಪರದೆಯ ಮೇಲೆ ಚಿತ್ರವಾಗುವುವು. ಹೊಟ್ಟೆಯ ಹೊರಗಿನಿಂದ ನೋಡುವಾಗ ಅಡ್ಡಬರುವ ಕೊಬ್ಬು, ವಾಯು ಮುಂತಾದುವುಗಳ ಕಾಟ ಇಲ್ಲಿಲ್ಲ; ಜಠರದ ಗೋಡೆಯೊಂದೇ ನಡುವಣ ತೆರೆ. ಅಂಗದ ತಲೆಯ ಗಂಟಿಗೆ ಕರುಳಿನ ಗೋಡೆಯ ಮೂಲಕ, ನಡು ಮತ್ತು ಬಾಲದ ಗಂಟಿಗೆ ಜಠರದ ಗೋಡೆಯ ಮೂಲಕ ಸೂಜಿ ಹೋಗುವುದು. ದಾರಿಯಲ್ಲಿ ರಕ್ತನಾಳವಿದ್ದರೆ ಪರದೆಯ ಮೇಲೆ ಬಣ್ಣವಾಗಿ ತೋರುವುದರಿಂದ ವೈದ್ಯರು ಅದನ್ನು ತಪ್ಪಿಸುವರು.

ಸೂಜಿಗಳು 19, 22, 25 ಎಂಬ ಅಂಕೆಗಳಿಂದ ಪ್ರಸಿದ್ಧವಾಗಿವೆ. ಅಂಕೆ ಹೆಚ್ಚಿದಷ್ಟೂ ಸೂಜಿ ಸಣ್ಣದು. 22ರ ಸೂಜಿಯ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಏಳು ಪಾಲು ಮಾತ್ರ. ಸಾಮಾನ್ಯ ಸೂಜಿಯಿಂದ ಬಿಡಿಬಿಡಿಯಾದ ಜೀವಕೋಶಗಳೂ ಅವುಗಳ ಚಿಕ್ಕ ಗುಂಪುಗಳೂ ಬರುವುವು. ಈಚೆಗೆ ಬಳಕೆಗೆ ಬಂದಿರುವ ಬಯಾಪ್ಸಿ ಸೂಜಿಗಳ ಮೊನೆಯು ಬೇರೆ ವಿಧವಾದುದು. ಅವುಗಳಲ್ಲಿ ಒಂದಕ್ಕೆ ಕಿರೀಟದಂತೆ ಮೂರು ಮೊನೆಗಳಿರುವುವು. 1941ರಲ್ಲಿ ಅಂತಹ ಮೊನೆಯನ್ನು ವರ್ಣಿಸಿದ ಫ್ರಾನ್ಸೀನ್ ಎಂಬ ವೈದ್ಯರ ಹೆಸರನ್ನೇ ಅದು ಇಂದಿಗೂ ಹೊತ್ತಿರುವುದು. ಇವುಗಳಿಂದ ಅಂಗಾಂಶದ ಇಡಿಯಾದ ಎಳೆಯೇ ಕತ್ತರಿಸಿ ಬರುವುದು. ವ್ಯತ್ಯಾಸವೇನೆಂದರೆ, ಬುಟ್ಟಿಯಲ್ಲಿ ಬಿಡಿಹೂಗಳಿದ್ದರೆ ಅವು ಮಲ್ಲಿಗೆಯೋ ಕನಕಾಂಬರವೋ ಎಂದು ಹೇಳಬಹುದು. ಆದರೆ ಅವನ್ನು ಯಾವ ಬಗೆಯಾಗಿ ಕಟ್ಟಿದ್ದರೆಂಬುದು ಮಾಲೆಯ ತುಂಡು ಸಿಕ್ಕಿದರೆ ಮಾತ್ರ ತಿಳಿಯುವುದು. ಮೇಲೆ ಹೇಳಿದ, ರಕ್ಷಣಾಶಕ್ತಿಯ ತಿರುಗುಬಾಟಿನಿಂದಾದ ಉರಿಯೂತವನ್ನು ಗುರುತಿಸಲು ಬಿಡಿಹೂಗಳು ಬಹುಮಟ್ಟಿಗೆ ಸಾಲವು; ಮಾಲೆಯೇ ಬೇಕು.

ಸೂಜಿ ಏಕೆ ಬರಿಗೈಯಲ್ಲಿ ಮರಳುವುದು?

ಪರದೆಯ ಮೇಲೆ ಸೂಜಿಯ ಮೊನೆ ಗಂಟಿನ ನಡುವೆ ನಿಂತಿರುವುದು ಸ್ಪಷ್ಟವಾಗಿ ಕಂಡರೂ, ಒಳಗೆ ಸೇರಿದುದು ರೋಗದ ಅಂಶವೇ ಎಂಬ ಭರವಸೆಯಿಲ್ಲ. ಇದಕ್ಕೆ ಕಾರಣಗಳು ಹಲವು. ಮೇದೋಜೀರಕದ ಅರ್ಬುದದಲ್ಲಿ ರೋಗದ ಜೀವಕೋಶಗಳು ವಿರಳವಾಗಿದ್ದು, ಅವುಗಳ ಸುತ್ತ ಗಟ್ಟಿಯಾದ ನಾರು ದಟ್ಟವಾಗಿ ಬೆಳೆದಿರುವುದು. ತೆಂಗಿನಕಾಯಿಯ ಸಿಪ್ಪೆಯನ್ನು ಚುಚ್ಚಿದವನಿಗೆ ತಿರುಳು ಸಿಕ್ಕದಂತೆ, ನಾರನ್ನು ಚುಚ್ಚಿದ ಸೂಜಿಗೆ ಜೀವಕೋಶ ಸಿಕ್ಕದು. ದೊಡ್ಡ ಗಂಟಿನ ನಡುಭಾಗವು ರಕ್ತಪೂರಣೆಯಿಲ್ಲದೆ ಸತ್ತು ಕೊಳೆತಿರುವುದೂ ಉಂಟು. ಅಲ್ಲಿಂದ ಬಂದ ಕಸದಿಂದ ಏನನ್ನೂ ಓದಲಾಗದು. ಹೆಚ್ಚು ಬಲವಾಗಿ ಹೀರಿದರೆ ರಕ್ತವೇ ತುಂಬಿ ಬಂದು ಇದ್ದ ನಾಲ್ಕು ಜೀವಕೋಶಗಳನ್ನೂ ಮುಳುಗಿಸುವುದು. ಇದೆಲ್ಲಕ್ಕಿಂತ ಮೋಸದ ಸಂಗತಿಯೊಂದಿದೆ. ಸೂಜಿಯು ಜಠರದ ಅಥವಾ ಕರುಳಿನ ಗೋಡೆಯನ್ನು ದಾಟುವಾಗ ಅಲ್ಲಿನ ಒಳಪೊರೆಯ ಜೀವಕೋಶಗಳನ್ನು ಅಂಟಿಸಿಕೊಂಡು ಬರುವುದು. ಅವು ಸಮೃದ್ಧವಾಗಿಯೂ ಆರೋಗ್ಯವಾಗಿಯೂ ಕಾಣುವುವು. ನೋಡುವವನು ಎಚ್ಚರ ತಪ್ಪಿದರೆ, ಮೇದೋಜೀರಕವೇ ಆರೋಗ್ಯವಾಗಿದೆಯೆಂದು ಭ್ರಮಿಸುವನು.

ಈ ಕಾರಣದಿಂದ ಅನುಭವಸ್ಥರು ಸೂಜಿಯನ್ನು ಒಂದೇ ಗೆರೆಯಲ್ಲಿ ಆಡಿಸುವುದಿಲ್ಲ. ಬೀಸಣಿಗೆಯ ಕಡ್ಡಿಗಳಂತೆ ಗಂಟಿನ ಹಲವು ದಿಕ್ಕುಗಳಿಗೆ, ವಿಶೇಷವಾಗಿ ಅಂಚಿನ ಕಡೆಗೆ, ಅದನ್ನು ತಿರುಗಿಸುತ್ತ ಮುಂದಕ್ಕೂ ಹಿಂದಕ್ಕೂ ಆಡಿಸುವರು. ಹೀರುವುದನ್ನು ಪಿಚಕಾರಿಯಿಂದ ಮಾಡದೆ, ಸೂಜಿಯೊಳಗಿನ ತಂತಿಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆಳೆದು ಅದರಿಂದುಂಟಾಗುವ ಅಲ್ಪ ಸೆಳೆತವನ್ನೇ ಬಳಸುವುದೂ ಉಂಟು. ರಕ್ತ ಕಡಮೆಯಾಗಿ ಬರಲೆಂಬುದೇ ಇದರ ಉದ್ದೇಶ.

ಸ್ಥಳದಲ್ಲಿಯೇ ತೀರ್ಪು

ತುಣುಕು ಬಂದಿತು. ಅದು ಸಾಕೆ, ಸಾಲದೆ? ಹಿಂದೆ ಇದನ್ನು ತಿಳಿಯಲು ಪ್ರಯೋಗಶಾಲೆಯ ವರದಿಗಾಗಿ ಕೆಲವು ದಿನಗಳು ಕಾಯಬೇಕಾಗಿದ್ದಿತು. ಸಾಲದೆಂಬ ಉತ್ತರ ಬಂದರೆ ಮತ್ತೆ ಉಪವಾಸ, ಮತ್ತೆ ಮಂಪರು, ಮತ್ತೆ ಖರ್ಚು. ಅಷ್ಟರಲ್ಲಿ ರೋಗವು ಕೈಕಟ್ಟಿ ಕುಳಿತಿರುವುದಿಲ್ಲ. ಇದನ್ನು ತಪ್ಪಿಸಲು ಎರಡು ಉಪಾಯಗಳು ಬಳಕೆಗೆ ಬಂದಿವೆ.

ಮೊದಲನೆಯದು, ಜೀವಕೋಶಗಳನ್ನು ಓದಬಲ್ಲ ತಜ್ಞನನ್ನು ಸೂಕ್ಷ್ಮದರ್ಶಕದೊಡನೆ ಅದೇ ಕೊಠಡಿಯಲ್ಲಿಯೋ ಪಕ್ಕದ ಕೊಠಡಿಯಲ್ಲಿಯೋ ಕೂರಿಸಿಕೊಳ್ಳುವುದು. ಸೂಜಿಯಿಂದ ಬಂದುದರ ಸ್ವಲ್ಪ ಭಾಗವನ್ನು ಗಾಜಿನ ಫಲಕದ ಮೇಲೆ ತೆಳ್ಳಗೆ ಸವರಿ, ಗಾಳಿಯಲ್ಲಿ ಒಣಗಿಸಿ, ಬೇಗನೆ ಹತ್ತುವ ಬಣ್ಣದಲ್ಲಿ ಅದ್ದಿ, ಕೆಲವೇ ನಿಮಿಷಗಳಲ್ಲಿ ಅವನು ನೋಡಿ ಹೇಳುವನು. ಅವನ ಮೊದಲ ಪ್ರಶ್ನೆ ರೋಗವಿದೆಯೇ ಎಂಬುದಲ್ಲ. ಇದು ಮೇದೋಜೀರಕದ್ದೇ, ಅಥವಾ ದಾರಿಯಲ್ಲಿ ಅಂಟಿಕೊಂಡ ಕರುಳಿನದೇ ಎಂಬುದು. ಮೇದೋಜೀರಕದ ರಸವನ್ನು ತಯಾರಿಸುವ ಆರೋಗ್ಯವಂತ ಕೋಶಗಳು ದ್ರಾಕ್ಷಿಯ ಗೊಂಚಲುಗಳಂತಿರುವುವು. ನಾಳದ ಆರೋಗ್ಯವಂತ ಕೋಶಗಳು ಜೇನುಹಟ್ಟಿಯ ಕೋಣೆಗಳಂತೆ ಸಾಲುತಪ್ಪದೆ ಕುಳಿತಿರುವುವು. ಅರ್ಬುದವಾದರೆ ಆ ಜೇನುಹಟ್ಟಿಯು ಕುಡಿದವನು ಕಟ್ಟಿದಂತೆ ಅಸ್ತವ್ಯಸ್ತವಾಗುವುದು. ಒಂದೇ ಗುಂಪಿನಲ್ಲಿ ಒಂದು ಕೋಶದ ಬೀಜವು ಪಕ್ಕದ ಕೋಶದ ಬೀಜಕ್ಕಿಂತ ನಾಲ್ಕು ಪಾಲು ದೊಡ್ಡದಾಗಿರುವುದೂ ಉಂಟು. ಕರುಳಿನ ಪೊರೆಯನ್ನು ಅದರ ನಡುನಡುವೆ ಚದರಿದ, ಲೋಳೆಯನ್ನು ತುಂಬಿಕೊಂಡ ಕೋಶಗಳಿಂದ ಗುರುತಿಸುವರು. ಸಾಕೆಂದು ಅವನು ಹೇಳಿದರೆ ಸೂಜಿಯ ಕೆಲಸ ಮುಗಿಯಿತು. ಸಾಲದೆಂದರೆ ವೈದ್ಯನು ದಿಕ್ಕನ್ನೋ ಸೂಜಿಯನ್ನೋ ಬದಲಾಯಿಸಿ ಮತ್ತೊಮ್ಮೆ ಪ್ರಯತ್ನಿಸುವನು.

ಉಪಾಯವು ಉತ್ತಮವೇ. ಆದರೆ ಎಲ್ಲ ಆಸ್ಪತ್ರೆಗಳಲ್ಲಿಯೂ ಇಂತಹ ತಜ್ಞನು ಬೇಕೆಂದಾಗ ದೊರೆಯುವನೆ? ಹಲವು ಕಡೆ ಒಬ್ಬನೇ ತಜ್ಞನು ಇಡೀ ಆಸ್ಪತ್ರೆಯ ಮಾದರಿಗಳನ್ನು ನೋಡಬೇಕಾಗಿರುವುದು. ಆಗ ಉಪಯೋಗಕ್ಕೆ ಬರುವುದು ಎರಡನೆಯ ಉಪಾಯ: ಬರಿಗಣ್ಣಿನ ಪರೀಕ್ಷೆ. ಬಂದುದನ್ನು ಗಾಜಿನ ತಟ್ಟೆಗೆ ಇಳಿಸಿ, ಮೆಲ್ಲನೆ ಹರಡಿ ನೋಡುವರು. ಕೆಂಪಾಗಿ, ಲೋಳೆಯಂತೆ ಜಾರುವುದು ಹೆಪ್ಪುಗಟ್ಟಿದ ರಕ್ತ. ಅದರ ನಡುವೆ ಬಿಳಿಯಾಗಿಯೋ ನಸುಹಳದಿಯಾಗಿಯೋ, ಶಾವಿಗೆಯ ಚೂರಿನಂತೆ ಆಕಾರ ಕೆಡದೆ ನಿಲ್ಲುವುದು ಅಂಗಾಂಶ. ಅಕ್ಕಿಯಿಂದ ನೆಲ್ಲನ್ನು ಆರಿಸುವ ಕಣ್ಣಿನಂತಹ ಕಣ್ಣು ಇಲ್ಲಿ ಬೇಕು. ಜಪಾನಿನ ಇವಾಶಿತ ಮತ್ತು ಅವರ ಸಂಗಡಿಗರು 19ರ ಸೂಜಿಯಿಂದ ತೆಗೆದ ಎಳೆಗಳನ್ನು ಹೀಗೆ ಅಳತೆಪಟ್ಟಿಯಿಂದ ಅಳೆದು, ಬಿಳಿಯ ಎಳೆಯು 4 ಮಿಲಿಮೀಟರು ಅಥವಾ ಅದಕ್ಕಿಂತ ಉದ್ದವಾಗಿದ್ದರೆ ಸರಿಯಾದ ನಿದಾನವು ದೊರೆಯುವ ಸಂಭವ ಹೆಚ್ಚೆಂದು 2015ರಲ್ಲಿ ತೋರಿಸಿದರು. ನಾಲ್ಕು ಮಿಲಿಮೀಟರೆಂದರೆ ಒಂದು ಅಕ್ಕಿಯ ಕಾಳಿಗಿಂತಲೂ ಚಿಕ್ಕದು!

ಬರಿಗಣ್ಣಿಗೂ ಒಂದು ಮಿತಿಯುಂಟು. ಎಳೆ ಸಾಕಷ್ಟು ಉದ್ದವಾಗಿದೆಯೆಂದು ಅದು ಹೇಳೀತೇ ಹೊರತು, ಎಳೆಯೊಳಗಿರುವುದು ಅರ್ಬುದವೋ ಬರಿಯ ನಾರೋ ಎಂದು ಹೇಳಲಾರದು. ಜಠರದ ಗೋಡೆಯ ಚೂರೂ ಬಿಳಿಯಾಗಿಯೇ ಇರುವುದು. ಆದುದರಿಂದ ಇದು ಮೊದಲ ಜರಡಿಯೇ ಹೊರತು ಕೊನೆಯ ತೀರ್ಪಲ್ಲ.

ಈ ಎರಡು ದಾರಿಗಳ ತಾರತಮ್ಯವನ್ನು ವೈದ್ಯರು ಪ್ರಯೋಗಗಳಿಂದಲೇ ತೂಗಿ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಸಾಮಾನ್ಯ ಸೂಜಿಯನ್ನು ಬಳಸಿದಾಗ, ತಜ್ಞನಿದ್ದ ಗುಂಪಿಗೂ ಇಲ್ಲದ ಗುಂಪಿಗೂ ನಿದಾನದ ಫಲದಲ್ಲಿ ಗಣನೀಯ ಭೇದ ಕಾಣಲಿಲ್ಲ. ಆದರೆ ತಜ್ಞನಿದ್ದ ಕಡೆ ಕಡಮೆ ಸಾರಿ ಚುಚ್ಚಿದರೆ ಸಾಕಾಯಿತು. ಬಯಾಪ್ಸಿ ಸೂಜಿಯನ್ನು ಬಳಸಿದ ದೊಡ್ಡ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಸರಿಯಾದ ನಿದಾನವು ತಜ್ಞನಿದ್ದಾಗ ನೂರಕ್ಕೆ 96.4, ಇಲ್ಲದಾಗ 97.4, ಎಂದರೆ ಎರಡೂ ಸಮಾನವೆಂದೇ ಲೆಕ್ಕ. ತಜ್ಞನಿಲ್ಲದ ಕಡೆ ಸಾಮಾನ್ಯ ಸೂಜಿಯಾದರೆ 3ರಿಂದ 4 ಸಾರಿ, ಬಯಾಪ್ಸಿ ಸೂಜಿಯಾದರೆ 2ರಿಂದ 3 ಸಾರಿ ಚುಚ್ಚುವುದು ಯುಕ್ತವೆಂದು ಯೂರೋಪಿನ ಎಂಡೋಸ್ಕೋಪಿ ಸಂಘವು 2017ರಲ್ಲಿ ಸಲಹೆಯಿತ್ತಿತು. ಚಿಕ್ಕ ಆಸ್ಪತ್ರೆಯಲ್ಲಿ ತಜ್ಞನಿಲ್ಲವೆಂದು ರೋಗಿಯು ಧೈರ್ಯಗೆಡಬೇಕಾಗಿಲ್ಲವೆಂಬುದೇ ಇದರ ತಾತ್ಪರ್ಯ. ಒಳ್ಳೆಯ ಸೂಜಿಯೂ ನುರಿತ ಕೈಯೂ ಎಚ್ಚರದ ಕಣ್ಣೂ ಕೂಡಿದರೆ ಕೆಲಸ ಸಾಗುವುದು. ಗಂಟು ಬಹು ಚಿಕ್ಕದಾಗಿದ್ದಾಗ, ಇಲ್ಲವೆ ಮೊದಲ ಸಾರಿ ವಿಫಲವಾಗಿದ್ದಾಗ ತಜ್ಞನ ಸಾನ್ನಿಧ್ಯವು ಈಗಲೂ ಬೆಲೆಯುಳ್ಳದ್ದೇ.

ಯಾವುದಕ್ಕೆ ಸಾಕು?

ಸಾಕೆಂಬ ಮಾತಿಗೆ ಯಾವುದಕ್ಕೆ ಎಂಬ ಪ್ರಶ್ನೆಯೂ ಸೇರಿಯೇ ಇರುವುದು. ಅರ್ಬುದವಿದೆಯೆಂದು ಹೇಳಲು ಕೆಲವು ಗುಂಪು ಕೋಶಗಳು ಸಾಕಾಗಬಹುದು. ಅದು ಯಾವ ಜಾತಿಯದೆಂದು ವಿಶೇಷ ಬಣ್ಣಗಳಿಂದ ಬೇರ್ಪಡಿಸಲು, ಔಷಧದ ಆಯ್ಕೆಗಾಗಿ ಅದರ ವಂಶವಾಹಿಗಳನ್ನು ಪರೀಕ್ಷಿಸಲು, ಇನ್ನೂ ಹೆಚ್ಚಿನ ಅಂಗಾಂಶ ಬೇಕು. ಸಾಧಾರಣವಾಗಿ ತುಣುಕನ್ನು ಫಾರ್ಮಲಿನ್ ದ್ರವದಲ್ಲಿ ಹಾಕಿ, ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳ್ಳಗೆ ಹೆರೆದು ನೋಡುವರು. ಆದರೆ ಕ್ಷಯದ ಸಂಶಯವಿದ್ದರೆ ಒಂದು ಭಾಗವನ್ನು ಫಾರ್ಮಲಿನ್ನಿಗೆ ಹಾಕದೆ, ಉಪ್ಪುನೀರಿನ ದ್ರಾವಣದಲ್ಲಿ ಬೇರೆಯಾಗಿ ಇಡಬೇಕು; ಫಾರ್ಮಲಿನ್ನಿಗೆ ಬಿದ್ದ ಕ್ರಿಮಿ ಸತ್ತುಹೋಗಿ, ಅದನ್ನು ಬೆಳೆಸಿ ಗುರುತಿಸುವ ಪರೀಕ್ಷೆ ನಿಷ್ಫಲವಾಗುವುದು. ಆದುದರಿಂದ ಏನನ್ನು ಹುಡುಕುತ್ತಿದ್ದೇವೆಂಬ ಯೋಚನೆಯು ಸೂಜಿ ಒಳಹೋಗುವ ಮೊದಲೇ ನಡೆದಿರಬೇಕು.

ಮನೆಯವರು ತಿಳಿಯತಕ್ಕುದು

ಈಗ ನಮ್ಮ ಮುಖ್ಯವಾದ ಮಾತಿಗೆ ಬರುವೆವು. ವರದಿಯಲ್ಲಿ ‘ಮಾದರಿ ಸಾಲದು’ ಎಂದು ಬರೆದಿದ್ದರೆ, ಅದರ ಅರ್ಥ ‘ರೋಗವಿಲ್ಲ’ ಎಂದಲ್ಲ. ಪ್ರಶ್ನೆಗೆ ಉತ್ತರವೇ ದೊರೆಯಲಿಲ್ಲವೆಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಇಂತಹ ವರದಿಗಳಿಗೆ ಏಳು ವರ್ಗಗಳನ್ನು ಮಾಡಿ, ‘ಸಾಲದು’ ಎಂಬುದನ್ನು ‘ದೋಷವಿಲ್ಲ’ ಎಂಬುದರಿಂದ ಬೇರೆಯಾದ ವರ್ಗವಾಗಿಯೇ ಇರಿಸಿರುವುದು ಈ ಗೊಂದಲವು ಉಂಟಾಗಬಾರದೆಂದೇ. ‘ಕ್ಯಾನ್ಸರ್ ಕಾಣಲಿಲ್ಲ’ ಎಂಬ ವಾಕ್ಯವನ್ನು ಓದಿ, ದೇವರ ಮುಂದೆ ದೀಪ ಹಚ್ಚಿ, ವೈದ್ಯರ ಕಡೆಗೆ ಮತ್ತೆ ಹೋಗದೆ ಉಳಿದರೆ, ಅಮೂಲ್ಯವಾದ ವಾರಗಳು ಕಳೆದುಹೋಗುವುವು. ಚಿತ್ರದಲ್ಲಿ ಗಂಟು ಕಾಣುತ್ತಿದ್ದು ತುಣುಕಿನಲ್ಲಿ ಏನೂ ಸಿಕ್ಕದಿದ್ದರೆ, ಈ ಎರಡು ಸಾಕ್ಷ್ಯಗಳು ಏಕೆ ಹೊಂದುವುದಿಲ್ಲವೆಂದು ವೈದ್ಯರನ್ನು ಕೇಳಬೇಕು. ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುವುದು ಅನೇಕ ವೇಳೆ ಅಗತ್ಯವಾಗುವುದು. ಅದನ್ನು ವೈದ್ಯನ ಸೋಲೆಂದಾಗಲಿ ಹಣ ಕೀಳುವ ಉಪಾಯವೆಂದಾಗಲಿ ಒಮ್ಮೆಗೇ ತೀರ್ಮಾನಿಸಬಾರದು.

ಪರೀಕ್ಷೆಗೆ ಹೋಗುವ ಮೊದಲು ರಕ್ತವನ್ನು ತೆಳುಮಾಡುವ ಗುಳಿಗೆಗಳನ್ನು ಸೇವಿಸುತ್ತಿದ್ದರೆ ಮುಂಚಿತವಾಗಿಯೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು. ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದಿತೆ, ಮೇದೋಜೀರಕದ ರೋಗವಿದ್ದಿತೆ ಎಂಬುದನ್ನು ಮರೆಮಾಡದೆ ಹೇಳಬೇಕು. ಈ ಪರೀಕ್ಷೆಯಿಂದ ರಕ್ತಸ್ರಾವ, ಮೇದೋಜೀರಕದ ಉರಿಯೂತ ಮೊದಲಾದ ತೊಂದರೆಗಳು ಅಪರೂಪವಾಗಿ ಉಂಟಾಗುವುವು. ಅನಂತರ ತೀವ್ರವಾದ ಹೊಟ್ಟೆನೋವು, ಜ್ವರ, ರಕ್ತವಾಂತಿ, ಕಪ್ಪಾದ ಮಲ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮತ್ತೊಬ್ಬ ತಜ್ಞರ ಅಭಿಪ್ರಾಯವನ್ನು ಪಡೆಯಬೇಕೆಂದು ತೋರಿದರೆ, ವರದಿಯ ಕಾಗದ ಮಾತ್ರ ಸಾಲದು. ಗಾಜಿನ ಫಲಕಗಳನ್ನೂ ಮೇಣದ ಗಟ್ಟಿಯನ್ನೂ ಕೇಳಿ ಪಡೆದು ಕೊಂಡೊಯ್ಯಬಹುದು. ಎರಡನೆಯ ತಜ್ಞನು ಓದಬೇಕಾದುದು ಮೊದಲನೆಯವನ ಮಾತನ್ನಲ್ಲ, ಮೂಲದ ತುಣುಕನ್ನು.

ಸೂಜಿಯೂ ಶಬ್ದದ ಅಲೆಯೂ ಸೂಕ್ಷ್ಮದರ್ಶಕವೂ ಎಷ್ಟು ಮುಂದುವರಿದರೂ, ತಟ್ಟೆಯ ಮೇಲಿನ ಆ ಬಿಳಿಯ ಎಳೆಯನ್ನು ನೋಡಿ ‘ಇದು ಸಾಲದು, ಇನ್ನೊಮ್ಮೆ ತೆಗೆಯೋಣ’ ಎನ್ನುವ ಪ್ರಾಮಾಣಿಕತೆ ಮನುಷ್ಯನದೇ. ಅರೆಬೆಂದ ಸಾಕ್ಷ್ಯದ ಮೇಲೆ ತೀರ್ಪು ಕೊಡದಿರುವುದು ವೈದ್ಯನ ಧರ್ಮ. ಅದಕ್ಕಾಗಿ ಇನ್ನು ಸ್ವಲ್ಪ ಕಾಲ ಮೇಜಿನ ಮೇಲೆ ಮಲಗಿರಬೇಕಾದರೆ ಬೇಸರಪಡದಿರುವುದು ರೋಗಿಯ ವಿವೇಕ. ಉತ್ತರ ದೊರೆಯುವವರೆಗೆ ವಿಚಾರಿಸುವುದನ್ನು ಬಿಡದಿರುವುದು ಮನೆಯವರ ಕರ್ತವ್ಯ.